ಚರ್ಚ್‌ಗೇಟಿನಿಂದ ವಸಾಯಿ ಕೋಟೆಗೆ

ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ಹೋಗಿ ಬಂದ ಗೆಳೆಯರೊಬ್ಬರು ಮೊನ್ನೆ ಕ್ಯಾಂಟರ್‌ಬರಿಯ ಫೋಟೋಗಳನ್ನು ತೋರಿಸುತ್ತಿದ್ದರು. 1170ರಲ್ಲಿ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನ ಕೊಲೆ ನಡೆದ ಕೆಥೆಡ್ರಲ್, ಹಳೆಯ ಊರಗೋಡೆ, ಊರು ದಾಟಿದರೆ ಹೊಲ, ಹಣ್ಣಿನ ತೋಟ. "ನಮ್ಮಲ್ಲಿ ಇಂಥದ್ದೆಲ್ಲ ಎಲ್ಲಿದೆ ಮಾರಾಯ್ರೆ?" ಎಂದರು. ಈ ಮಾತು ಹೇಳಿದವರು ಇರುವುದು ನಾಲಾಸೋಪಾರದಲ್ಲಿ, ಇಪ್ಪತ್ತೈದು ವರ್ಷಗಳಿಂದ! "ಬರುವ ಭಾನುವಾರ ಪುರುಸೊತ್ತು ಮಾಡಿಕೊಳ್ಳಿ, ತೋರಿಸುತ್ತೇನೆ" ಎಂದೆ.

ನೋಡಿ, ನಾವು ದಿನಾ ಹತ್ತಿಳಿಯುವ ಚರ್ಚ್‌ಗೇಟ್ ಎಂಬ ಹೆಸರೇ ಒಂದು ಕೆಥೆಡ್ರಲ್ ಕೊಟ್ಟದ್ದು. ಫೋರ್ಟಿನ ಸೇಂಟ್ ಥಾಮಸ್ ಚರ್ಚ್ 1718ರ ಕ್ರಿಸ್‌ಮಸ್ ದಿನ ತೆರೆಯಿತು. ಆಂಗ್ಲರ ಕೋಟೆಯಲ್ಲಿ ಆ ಚರ್ಚಿನ ದಿಕ್ಕಿಗಿದ್ದ ಬಾಗಿಲು ಚರ್ಚ್ ಗೇಟ್. 1860ರ ದಶಕದಲ್ಲಿ ಕೋಟೆ ಕೆಡವಿದರು, ಬಾಗಿಲಿದ್ದ ಜಾಗದಲ್ಲಿ ಫ್ಲೋರಾ ಫೌಂಟನ್ ಎದ್ದಿತು. ಹೆಸರು ಮಾತ್ರ ರೈಲಿಗೆ ಅಂಟಿಕೊಂಡು ಉಳಿಯಿತು. ಅದೇ ರೈಲು ಭಾಯಂದರ್ ದಾಟಿ, ಖಾಡಿಯ ಸೇತುವೆಯ ಮೇಲೆ ಸದ್ದು ಮಾಡುತ್ತಾ ನಾಯಗಾಂವ್ ಸೇರಿ, ವಸಾಯಿ ರೋಡಿಗೆ ಬರುತ್ತದೆ. ಅಲ್ಲಿಂದ ರಿಕ್ಷಾದಲ್ಲಿ ಅರ್ಧ ಗಂಟೆ ಹೋದರೆ ಇನ್ನೂ ಹಳೆಯದೊಂದು ನಗರ. ಆ ನಗರಕ್ಕೆ ಮುಂಬಯಿ ಒಂದು ಕಾಲದಲ್ಲಿ ಬರೇ ಒಂದು ಸಣ್ಣ ದ್ವೀಪ!

ಹೌದು, ಒಂದು ಕಾಲದಲ್ಲಿ ವಸಾಯಿಯೇ ದೊಡ್ಡೂರು. ಮೊಗಲರ ಹುಮಾಯೂನ್ ಮೇಲೇರಿ ಬರುವ ಭಯದಲ್ಲಿ ಗುಜರಾತಿನ ಸುಲ್ತಾನ ಬಹಾದ್ದೂರ್ ಶಾಹ 1534ರ ಡಿಸೆಂಬರಿನಲ್ಲಿ ವಸಾಯಿಯನ್ನೂ ಅದಕ್ಕೆ ಸೇರಿದ ದ್ವೀಪಗಳನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಆ ದ್ವೀಪಗಳಲ್ಲಿ ಮುಂಬಯಿಯೂ ಒಂದು. ಉತ್ತರ ಪ್ರಾಂತ್ಯದ ಆಡಳಿತ ನಡೆದದ್ದು ಇಲ್ಲಿಂದ. 1661ರ ಮದುವೆ ಕರಾರಿನಲ್ಲಿ ಆಂಗ್ಲರ ದೊರೆಗೆ ಬಳುವಳಿಯಾಗಿ ಮುಂಬಯಿ ಹೋಯಿತು, ವಸಾಯಿ ಪೋರ್ಚುಗೀಸರಲ್ಲೇ ಉಳಿಯಿತು. ಆಗ ಯಾರಿಗೂ ಕೊಟ್ಟದ್ದು ದೊಡ್ಡದು ಅನ್ನಿಸಿರಲಾರದು.

ಕೋಟೆಯೊಳಗೆ ಹೋದರೆ ಮೊದಲು ಕಾಣುವುದು ಆಲದ ಬೇರು. ಗೋಡೆ ಯಾವುದು, ಬೇರು ಯಾವುದು ಗೊತ್ತಾಗುವುದಿಲ್ಲ. ಒಂದು ಬಾಗಿಲು ನೆಲದ ಕಡೆಗೆ, ಇನ್ನೊಂದು ಸಮುದ್ರದ ಕಡೆಗೆ. ನಡುವೆ ಛಾವಣಿ ಇಲ್ಲದ ಚರ್ಚುಗಳು. ಸೇಂಟ್ ಜೋಸೆಫ್ ಚರ್ಚನ್ನು ಎಲ್ಲರೂ ಕೆಥೆಡ್ರಲ್ ಅನ್ನುತ್ತಾರೆ. 1546ರಲ್ಲಿ ಶುರುವಾಗಿ 1601ರಲ್ಲಿ ಮತ್ತೆ ಕಟ್ಟಿದ್ದು. ಆದರೆ ನಿಜವಾಗಿ ವಸಾಯಿಗೆ ಬಿಷಪ್ ಬಂದದ್ದು 1998ರಲ್ಲಿ, ಕೆಥೆಡ್ರಲ್ ಆದದ್ದು ಪಾಪ್ಡಿಯ ಚರ್ಚು. ಫ್ರಾನ್ಸಿಸ್ಕನ್ ಸನ್ಯಾಸಿಗಳ ಚರ್ಚಿನ ನೆಲದ ತುಂಬ ಸಮಾಧಿ ಕಲ್ಲುಗಳು. ಅದರ ಮೇಲೆ ಹುಡುಗರು ಕೂತು ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿದ್ದರು. ಗೆಳೆಯರು ಚಪ್ಪಲಿ ಕಳಚಿ ಬದಿಯಿಂದ ನಡೆದರು. ಅವರಿಗೆ ಯಾರೂ ಹೇಳಿರಲಿಲ್ಲ.

ಜೆಸ್ವಿಟರ ಚರ್ಚು ಮಾತ್ರ ಪೂರಾ ಸತ್ತಿಲ್ಲ. ಗೊನ್ಸಾಲೋ ಗಾರ್ಸಿಯಾನ ಹಬ್ಬ ಇಲ್ಲಿ ನಡೆಯುತ್ತದೆ. ಅಪ್ಪ ಪೋರ್ಚುಗೀಸ, ಅಮ್ಮ ಇಲ್ಲಿಯವಳು. ಜಪಾನಿಗೆ ಹೋಗಿ ವ್ಯಾಪಾರ ಮಾಡಿದ, ಆಮೇಲೆ ಫ್ರಾನ್ಸಿಸ್ಕನ್ ಆದ, 1597ರಲ್ಲಿ ನಾಗಸಾಕಿಯಲ್ಲಿ ಶಿಲುಬೆಗೇರಿದ. 1862ರಲ್ಲಿ ರೋಮ್ ಸಂತನೆಂದು ಘೋಷಿಸಿತು. ಭಾರತದಲ್ಲಿ ಹುಟ್ಟಿದ ಮೊದಲ ಕ್ಯಾಥೊಲಿಕ್ ಸಂತ. ಊರು ಬಿಟ್ಟು ಹೊಟ್ಟೆಪಾಡಿಗೆ ಹೋದವನು!

1739ರ ಮೇ ತಿಂಗಳಲ್ಲಿ, ತಿಂಗಳುಗಟ್ಟಲೆ ಮುತ್ತಿಗೆಯ ನಂತರ, ಬಾಜಿರಾಯನ ತಮ್ಮ ಚಿಮಾಜಿ ಅಪ್ಪ ಕೋಟೆ ಗೆದ್ದ. ಚರ್ಚಿನ ಗಂಟೆಗಳು ಗೆಲುವಿನ ಗುರುತಾಗಿ ದೇವಸ್ಥಾನಗಳಿಗೆ ಹೋದವು. ನಾಸಿಕದ ನಾರೋಶಂಕರ ದೇವಸ್ಥಾನದ ಗಂಟೆ, ವಾಯಿಯ ಹತ್ತಿರ ಮೇಣವಲಿಯ ಗಂಟೆ, ಭೀಮಾಶಂಕರದ ಗಂಟೆ... ಹೋದಾಗ ತಲೆಯೆತ್ತಿ ನೋಡಿ, ಶಿಲುಬೆಯೋ ಇಸವಿಯೋ ಕಾಣುತ್ತದೆ. ಇದೇ ವಸಾಯಿಯಲ್ಲಿ 1802ರ ಡಿಸೆಂಬರ್ 31ರಂದು ಎರಡನೇ ಬಾಜಿರಾಯ ಆಂಗ್ಲರ ಜತೆ ಕರಾರಿಗೆ ಒಪ್ಪಿ ಅವರ ಸೈನ್ಯದ ಆಸರೆ ಪಡೆದ. ಗೆದ್ದ ನೆಲದಲ್ಲೇ ಪೇಶ್ವೆಗಳ ಸ್ವಾತಂತ್ರ್ಯ ಕಾಗದದ ಮೇಲೆ ಮುಗಿಯಿತು. 1818ರಲ್ಲಿ ರಾಜ್ಯವೂ ಹೋಯಿತು.

ನಾನು ಕುಂದಾಪುರದ ಕಡೆಯವನು. ನಮ್ಮ ಬಸ್ರೂರಿನಲ್ಲೂ ಪೋರ್ಚುಗೀಸರು 1569ರಲ್ಲಿ ಕೋಟೆ ಕಟ್ಟಿದ್ದರು. ಹೊನ್ನಾವರ, ಮಂಗಳೂರಿನಲ್ಲೂ ಇದ್ದವು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಓಡಿಸಿದ. ನಮ್ಮೂರ ಅಕ್ಕಿ, ಮೆಣಸು ಕೊಂಡವರು ಎಂಥ ಊರು ಕಟ್ಟುತ್ತಿದ್ದರು ಎಂದು ನಾನು ಕಣ್ಣಾರೆ ನೋಡಿದ್ದು ವಸಾಯಿಗೆ ಬಂದ ಮೇಲೆ.

ಕೋಟೆಯಾಚೆಗಿನ ಹಳ್ಳಿಗಾಡು ಅದಕ್ಕಿಂತಲೂ ಹಳೆಯದು. ಸೋಪಾರ ಅಂದರೆ ಶೂರ್ಪಾರಕ, ಬಹಳ ಹಳೆಯ ಬಂದರು. 1882ರಲ್ಲಿ ಭಗವಾನ್‌ಲಾಲ್ ಇಂದ್ರಜಿ ಅಲ್ಲಿ ಸ್ತೂಪ ಅಗೆದರು. ಅಶೋಕನ ಶಾಸನದ ತುಂಡುಗಳೂ ಈ ಸೀಮೆಯಲ್ಲಿ ಸಿಕ್ಕಿವೆ. ಗೆಳೆಯರಿಗೆ ನಾನು ಕೊಟ್ಟ ಕೊನೆಯ ಪೆಟ್ಟು ಬೇರೆ: "ಈ ಉತ್ತರ ಕೊಂಕಣ ಆಳಿದ ಶಿಲಾಹಾರರು ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಬೊರಿವಿಲಿಯ ಕನ್ಹೇರಿ ಗುಹೆಗಳಲ್ಲಿ ಅಮೋಘವರ್ಷನ ಕಾಲದ ಶಾಸನಗಳಿವೆ. ಕವಿರಾಜಮಾರ್ಗದ ಅಮೋಘವರ್ಷ! ನಾವು ಇಲ್ಲಿಗೆ ಹೊಸಬರು ಅಂತ ತಿಳಿದಿದ್ದಿರಾ?" ಅವರು ನಕ್ಕರು.

ಆ ನಗು ವಾಪಸು ಬರುವಾಗ ಉಳಿಯಲಿಲ್ಲ. ಪಾಪ್ಡಿಯಾಚೆಯ ವಾಡಿಗಳಲ್ಲಿ ಈಗಲೂ ಬಾಳೆ, ವೀಳ್ಯದೆಲೆ, ಬಾವಿ. ಕೆಂಪು ಸೀರೆಯ ಕ್ರಿಸ್ತಿಯನ್ ಅಜ್ಜಿಯೊಬ್ಬರು ಸುಕೇಳಿ, ಅಂದರೆ ಒಣಗಿಸಿದ ಬಾಳೆಹಣ್ಣು, ಮಾರುತ್ತಿದ್ದರು. "ಎಲ್ಲಿ ಇರುವುದು?" ಎಂದು ಮರಾಠಿಯಲ್ಲಿ ಕೇಳಿದರು. ನನ್ನ ಬಿಲ್ಡಿಂಗಿನ ಹೆಸರು ಹೇಳಿದೆ. "ಅಲ್ಲಿ ನಮ್ಮ ತವರಿನವರ ವಾಡಿ ಇತ್ತು" ಎಂದರು, ಅಷ್ಟೇ. ಸಿಟ್ಟಿನಿಂದಲ್ಲ, ಲೆಕ್ಕ ಒಪ್ಪಿಸುವ ಹಾಗೆ.

ಈ ತೋಟಗಳಿಗಾಗಿ, ಬಾವಿಯ ಸಿಹಿನೀರು ಟ್ಯಾಂಕರಿನಲ್ಲಿ ಹೋಗದಿರಲೆಂದು ಇಲ್ಲಿ 'ಹರಿತ ವಸಾಯಿ' ಚಳುವಳಿಯೇ ನಡೆದಿತ್ತು. ಮುಂದೆ ನಿಂತವರು ಮರಾಠಿ ಲೇಖಕ, ಪಾದ್ರಿ ಫ್ರಾನ್ಸಿಸ್ ದಿಬ್ರಿಟೊ. 2020ರಲ್ಲಿ ಉಸ್ಮಾನಾಬಾದಿನ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು, 2024ರಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ನನ್ನ ಚಿಂತೆ ಒಂದೇ: ಫ್ಲ್ಯಾಟಿನ ಕಂತು ಮತ್ತು ವಾರಕ್ಕೆ ಎರಡು ಟ್ಯಾಂಕರ್ ಬರುತ್ತದೋ ಇಲ್ಲವೋ. ಆ ನೀರು ಯಾರ ಬಾವಿಯದ್ದು ಎಂದು ಕೇಳಿದವನಲ್ಲ.

ಪೋರ್ಚುಗೀಸರು ಬಂದರು, ಪೇಶ್ವೆಗಳು ಬಂದರು, ಆಂಗ್ಲರು ಬಂದರು ಎಂದು ಇಷ್ಟುದ್ದ ಬರೆದೆ. ಆ ಪಟ್ಟಿಯ ಕೊನೆಗೆ ನಾವೂ ಬಂದೆವು, ವಿರಾರ್ ಲೋಕಲಿನಲ್ಲಿ ನೇತಾಡಿಕೊಂಡು, ಬಡಪಾಯಿಗಳಾಗಿಯೇ. ಆದರೂ ಬಂದೆವು, ಮತ್ತು ನೆಲ ಹಿಡಿದೆವು. ಗೆಳೆಯರು ಎರಡು ಕಟ್ಟು ಸುಕೇಳಿ ಕೊಂಡರು. ಒಂದನ್ನು ಇಂಗ್ಲೆಂಡಿಗೆ ಮಗನಿಗೆ ಕಳಿಸುತ್ತಾರಂತೆ. ಮುಂದಿನ ಭಾನುವಾರ ಸ್ತೂಪ ನೋಡುವುದೆಂದು ಮಾತಾಗಿದೆ. ಅವರ ಮನೆಯ ಹತ್ತಿರವೇ ಅಲ್ಲವೇ, ಈ ಸಲ ಅವರೇ ನನ್ನನ್ನು ಕರೆದುಕೊಂಡು ಹೋಗಬೇಕು.