ಕಾವು ಕೂತ ಹೇಂಟೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಇತಿಹಾಸವೆಂದೊಡನೆ ನಮಗೆ ನೆನಪಾಗುವುದು ಕಲ್ಲು: ತಾಳಗುಂದದ ಸ್ತಂಭ, ಬಳ್ಳಿಗಾವಿಯ ದೇಗುಲಗಳು, ಊರೂರಿನ ಕೆರೆ ಏರಿಯ ಬದಿಯಲ್ಲಿ ಒರಗಿ ನಿಂತ ವೀರಗಲ್ಲುಗಳು. ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಹಾಗೂ ಎಂಟನೆಯ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳು ನೂರಾರಿವೆ. ತುರುಗಳನ್ನು ಬಿಡಿಸಿ ತರಲು ಹೋಗಿ ಮಡಿದವರ ಹೆಸರುಗಳು ಅಲ್ಲಿ ಉಳಿದಿವೆ. ಆತಕೂರಿನಲ್ಲಿ ಹಂದಿಯೊಡನೆ ಹೋರಿ ಸತ್ತ ಕಾಳಿ ಎಂಬ ನಾಯಿಗೂ ಹತ್ತನೆಯ ಶತಮಾನದಲ್ಲಿ ಕಲ್ಲು ನಿಲ್ಲಿಸಿದರು. ತಮಿಳುನಾಡಿನ ಅರಸಲಾಪುರದಲ್ಲಿ ಕಾಳಗದ ಹುಂಜವೊಂದಕ್ಕೆ ನಿಲ್ಲಿಸಿದ ಪ್ರಾಚೀನ ಕಲ್ಲಿದೆ. ಇಪ್ಪತ್ತೊಂದು ದಿನ ಮೊಟ್ಟೆ ಬಿಟ್ಟೇಳದ ಹೇಂಟೆಗೆ ಕಲ್ಲು ನಿಲ್ಲಿಸಿದ್ದನ್ನು ಮಾತ್ರ ನಾನು ಎಲ್ಲಿಯೂ ಕಂಡಿಲ್ಲ. ಆದರೂ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಉಪ್ಪು, ಸೀಮೆಎಣ್ಣೆ, ಮಕ್ಕಳ ಪಾಟಿ-ಬಳಪಗಳ ಖರ್ಚು ತೂಗಿದ್ದು ಆ ಹೇಂಟೆಯಿಂದಲೇ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಇದನ್ನು ನಾನು ಹೇಳಬೇಕಾಗಿಲ್ಲ; ಅವರ ಮಕ್ಕಳಿಗಾಗಿ ಬರೆಯುತ್ತಿದ್ದೇನೆ.

ಕೋಳಿಯನ್ನು ಮೊದಲು ಸಾಕಿದವರು ಸಿಂಧೂ ಕಣಿವೆಯವರೆಂದು ಹಿಂದಿನ ಪುಸ್ತಕಗಳು ಬರೆಯುತ್ತಿದ್ದವು. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬೇರೆಯದನ್ನು ಹೇಳುತ್ತದೆ. ಸಾಕುಕೋಳಿಯದೆಂದು ನೆಚ್ಚಬಹುದಾದ ಅತ್ಯಂತ ಹಳೆಯ ಮೂಳೆಗಳು ಥಾಯ್ಲೆಂಡಿನ ಬಾನ್ ನೊನ್ ವಾಟ್ ಎಂಬಲ್ಲಿ ಸಿಕ್ಕಿದವು; ಅವುಗಳ ಕಾಲ ಕ್ರಿ.ಪೂ. 1650ರಿಂದ 1250ರ ನಡುವೆ. ಕಾಡಿನ ಕೆಂಪು ಕೋಳಿಯನ್ನು ಮನುಷ್ಯನ ಬಳಿಗೆ ಎಳೆದದ್ದು ಭತ್ತದ ಕಾಳೆಂದು ಆ ಸಂಶೋಧಕರ ಊಹೆ. ಕಣದ ಸುತ್ತ ಕೆದಕುವ ಕೋಳಿಗಳನ್ನು ನೋಡಿದ ಭತ್ತದ ನಾಡಿನವರಾದ ನಮಗೆ ಇದು ಒಪ್ಪಿಗೆಯಾಗುವ ಮಾತು. ನಮ್ಮ ಮಲೆನಾಡಿನ ಕಾಡುಕೋಳಿ ಕೆಂಪಿನದಲ್ಲ, ಬೂದು ಬಣ್ಣದ್ದು. ಆದರೆ ಸಾಕುಕೋಳಿಯ ಹಳದಿ ಚರ್ಮದ ಗುಣ ಈ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಜಗತ್ತಿನ ಹಳದಿ ಕಾಲಿನ ಕೋಳಿಗಳಿಗೆಲ್ಲ ದಕ್ಷಿಣದ ನಮ್ಮ ಕಾಡುಗಳೊಡನೆ ಒಂದು ದೂರದ ನೆಂಟಸ್ತಿಕೆ ಇದೆ ಎಂದಾಯಿತು.

ಕನ್ನಡ ಕಾವ್ಯದಲ್ಲಿ ಕೋಳಿ ಬರುವುದು ಬಹುಮಟ್ಟಿಗೆ ಬಲಿಗಾಗಿ. ಜನ್ನನ ಯಶೋಧರ ಚರಿತೆಯ ಹಿಟ್ಟಿನ ಕೋಳಿಯನ್ನು ನೆನೆಯಿರಿ. ಮರಿ ಮಾಡುವ ಕೋಳಿಯ ಲೋಕ ಹೆಂಗಸರದು. ಅದು ಬಾಯಿಂದ ಬಾಯಿಗೆ ನಡೆದುಬಂದ ವಿದ್ಯೆ.

ಆ ವಿದ್ಯೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆಯಿಟ್ಟ ಮೇಲೆ ಅದರ ನಡವಳಿಕೆ ಬದಲಾಗುತ್ತದೆ. ಗೂಡು ಬಿಟ್ಟೇಳದು, ಮೈ ಉಬ್ಬಿಸಿ ಗುರುಗುಟ್ಟುತ್ತದೆ, ಎದೆಯ ಗರಿ ಉದುರಿ ಬರಿಯ ಚರ್ಮ ಮೊಟ್ಟೆಗೆ ತಾಗುತ್ತದೆ. ಇದರ ಹಿಂದಿರುವ ಪ್ರೊಲ್ಯಾಕ್ಟಿನ್ ಎಂಬ ರಸವನ್ನು 1930ರ ದಶಕದಲ್ಲಿ ಅಮೆರಿಕದ ಆಸ್ಕರ್ ರಿಡ್ಲ್ ಮತ್ತು ಸಂಗಡಿಗರು ಗುರುತಿಸಿದರು. ಹಾಲೂಡಿಸುವ ತಾಯಿಯ ದೇಹದಲ್ಲಿ ಕೆಲಸ ಮಾಡುವುದೂ ಇದೇ ರಸವೆಂಬುದು ನನಗೆ ಇಂದಿಗೂ ಆಶ್ಚರ್ಯದ ಸಂಗತಿ. ಅಗಲ ಬಾಯಿಯ ಮಂಕರಿಗೆ ಬೂದಿ, ಅದರ ಮೇಲೆ ಒಣಹುಲ್ಲು, ಹೇನು ಹತ್ತದಿರಲೆಂದು ಲಕ್ಕಿ ಸೊಪ್ಪು. ಅಟ್ಟದ ಮೂಲೆ, ಸೌದೆ ಕೊಟ್ಟಿಗೆ, ಒಟ್ಟಿನಲ್ಲಿ ಕತ್ತಲು ಇರುವ ಜಾಗ. ಮೊಟ್ಟೆಗಳು ಬೆಸ ಸಂಖ್ಯೆಯಲ್ಲಿರಬೇಕು. ಗುಡುಗಿಗೆ ಕೆಡದಂತೆ ಕಬ್ಬಿಣದ ಚೂರೊಂದನ್ನು ಜೊತೆಗಿಡಬೇಕು. ಬೆಸ ಸಂಖ್ಯೆಗೂ ಕಬ್ಬಿಣಕ್ಕೂ ವಿಜ್ಞಾನದ ಬೆಂಬಲವಿಲ್ಲ. ಬೂದಿ, ಸೊಪ್ಪು, ಕತ್ತಲುಗಳಿಗೆ ಇದೆ.

ಎರಡು ವಾರದುದ್ದಕ್ಕೂ ದಿನಕ್ಕೊಂದರಂತೆ ಇಟ್ಟ ಮೊಟ್ಟೆಗಳು ಒಂದೇ ದಿನ ಒಡೆಯುವುದು ಹೇಗೆ? ಇಟ್ಟ ಮೊಟ್ಟೆ ತಣ್ಣಗಾದಾಗ ಒಳಗಿನ ಜೀವ ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ. ಕಾವು ತಾಗಿದಾಗ ಎಲ್ಲವೂ ಒಟ್ಟಿಗೆ ಹೊರಡುತ್ತವೆ. ಆದ್ದರಿಂದಲೇ ಮೊಟ್ಟೆಗಳನ್ನು ಭತ್ತದ ಅಥವಾ ರಾಗಿಯ ಮಡಕೆಯಲ್ಲಿ ಚೂಪು ತುದಿ ಕೆಳಗಾಗಿ ಹುಗಿದಿಡುತ್ತಿದ್ದರು. ವಾರ ಹತ್ತು ದಿನ ಮೀರಿದರೆ ಅವು ಸೊರಗುತ್ತವೆ. ಶಿಕಾರಿಪುರದ ಬಯಲು ಕಡೆಯ ಬೇಸಿಗೆಯಲ್ಲಿ ಇನ್ನೂ ಬೇಗ ಕೆಡುತ್ತವೆ. ಸೊರಬದ ಮಳೆಗಾಲದಲ್ಲಿ ಶೀತಕ್ಕೆ ಮರಿಗಳು ಉಳಿಯವು. ದೀಪಾವಳಿ ಕಳೆದು ಸುಗ್ಗಿಯ ಕಣ ಮುಗಿಯುವವರೆಗಿನ ದಿನಗಳೇ ಕಾವಿಗೆ ಒಳ್ಳೆಯವು, ಮರಿಗಳಿಗೆ ಕಣದಲ್ಲಿ ಉದುರಿದ ಕಾಳೂ ದೊರೆಯುತ್ತದೆ. ಏಳನೆಯ ದಿನ ಮೊಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಹೆಂಚಿನ ಸಂದಿನ ಬಿಸಿಲುಕೋಲಿಗೆ ಒಡ್ಡಿದರೆ ಜೇಡನಂತೆ ಕೆಂಪು ನರಗಳು ಕಾಣುತ್ತವೆ. ಕಾಣದಿದ್ದರೆ ಅದು ಬರಡು. ಹದಿನೆಂಟನೆಯ ದಿನ ದಾಟಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ತೇಲಿಬಿಟ್ಟರೆ ಜೀವವಿರುವ ಮೊಟ್ಟೆ ತಾನಾಗಿ ಕುಣಿಯುತ್ತದೆ. ನನ್ನ ತರಗತಿಯ ಮಕ್ಕಳಿಗೆ ಜೀವಶಾಸ್ತ್ರದ ಯಾವ ಚಿತ್ರಪಟಕ್ಕಿಂತಲೂ ಇದು ಚೆನ್ನಾಗಿ ತಲೆಗೆ ಹೋಗುತ್ತಿತ್ತು.

ಕಾವಿಗೆ ಕೂರಿಸುವುದು ಲೆಕ್ಕದ ವಿಷಯವೂ ಆಗಿತ್ತು. ಕೂತ ಹೇಂಟೆ ಮೊಟ್ಟೆಯಿಡದು. ಮರಿಗಳನ್ನು ಬಿಡುವವರೆಗೂ ಇಡದು. ಸಂತೆಗೆ ಹೋಗಬೇಕಾದ ಹನ್ನೊಂದು ಮೊಟ್ಟೆಗಳ ಜೊತೆಗೆ ಮುಂದಿನ ಎರಡು ಮೂರು ತಿಂಗಳ ಮೊಟ್ಟೆಗಳೂ ಹೋದಂತೆ. ಕೈಯಲ್ಲಿ ಕಾಸಿಲ್ಲದಾಗ ಹೇಂಟೆಯನ್ನು ತಣ್ಣೀರಿನಲ್ಲಿ ಮುಳುಗಿಸಿ, ಕಾಲು ಕಟ್ಟಿ, ಮೂಗಿಗೆ ಗರಿ ಚುಚ್ಚಿ ಕಾವು ಬಿಡಿಸುತ್ತಿದ್ದರು. ಇದು ಕ್ರೂರವೆಂದೇ ನನ್ನ ಅಭಿಪ್ರಾಯ. ಆದರೆ ಅದನ್ನು ಮಾಡಿದ ತಾಯಂದಿರ ಮುಂದೆ ಮಗುವಿನ ಜ್ವರದ ಔಷಧಿಯ ಚೀಟಿ ಇರುತ್ತಿತ್ತು. ಹೇಂಟೆಯೇ ಇಲ್ಲದವಳು ಪಾಲಿಗೆ ತರುತ್ತಿದ್ದಳು. ಕೋಳಿ ಒಬ್ಬಳದು, ಮೇವು ಮತ್ತು ಕಾವಲು ಇನ್ನೊಬ್ಬಳದು, ಉಳಿದ ಮರಿಗಳಲ್ಲಿ ಅರ್ಧರ್ಧ. ಹದ್ದು, ಮುಂಗುಸಿ, ಕಾಡುಬೆಕ್ಕುಗಳ ಪಾಲು ತೆಗೆದು ಉಳಿದದ್ದರಲ್ಲಿ ಎಂದು ಅರ್ಥ. ಭೂಮಿಯಿಲ್ಲದ ಹೆಣ್ಣುಮಗಳು ಬಂಡವಾಳ ಕೂಡಿಸಲು ಇದಕ್ಕಿಂತ ಚಿಕ್ಕ ಮೆಟ್ಟಿಲು ಇರಲಿಲ್ಲ.

ಈ ಮೆಟ್ಟಿಲನ್ನು ಮುರಿಯುತ್ತಿದ್ದುದು ಕೊಕ್ಕರೆ ರೋಗ. ಒಂದು ವಾರದಲ್ಲಿ ಓಣಿಯ ಗೂಡುಗಳೆಲ್ಲ ಖಾಲಿ. 1920ರ ದಶಕದ ಕೊನೆಯಲ್ಲಿ ಕುಮಾವೂನಿನ ರಾಣಿಖೇತಿನಲ್ಲಿ ಗುರುತಿಸಿದ್ದರಿಂದ ಅದಕ್ಕೆ ಆ ಊರಿನ ಹೆಸರೂ ಇದೆ. ಅದೇ ಸೀಮೆಯ ಮುಕ್ತೇಶ್ವರದ ಸಂಸ್ಥೆಯಲ್ಲಿಯೇ ಲಸಿಕೆಯೂ ಹುಟ್ಟಿತು. ಹಳ್ಳಿಯ ಕಷ್ಟವೇನೆಂದರೆ ಲಸಿಕೆಯ ಒಂದು ಶೀಶೆ ನೂರು ಇನ್ನೂರು ಕೋಳಿಗೆ. ಅದಕ್ಕೆ ಮಂಜುಗಡ್ಡೆ ಬೇಕು. ಹಿತ್ತಲಿನಲ್ಲಿರುವುದು ಆರು ಕೋಳಿ.

ಹೇಂಟೆಯಿಲ್ಲದೆ ಮರಿ ಮಾಡುವ ವಿದ್ಯೆಯೂ ಹಳೆಯದೇ. ಈಜಿಪ್ಟಿನವರು ಮೊಟ್ಟೆಯ ಒಲೆಗಳನ್ನು ಕಟ್ಟಿದ್ದರು. ಆಧುನಿಕ ಮರಿಗೃಹಗಳಿಗೆ ಇನ್ನೊಂದು ಅನುಕೂಲ ದೊರೆಯಿತು. ಹೊರಬರುವ ಮುನ್ನ ಮರಿ ಹಳದಿ ಭಂಡಾರವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಎರಡು ಮೂರು ದಿನ ತಿನ್ನದೆ ಬದುಕಬಲ್ಲದು. ತಡವಾಗಿ ಒಡೆಯುವ ಮೊಟ್ಟೆಗಳಿಗಾಗಿ ತಾಯಿ ಕೂತೇ ಇರಲೆಂದು ಪ್ರಕೃತಿ ಮಾಡಿದ ಏರ್ಪಾಡು ಇದು. ಅದೇ ಎರಡು ದಿನಗಳನ್ನು ಬಳಸಿಕೊಂಡು ಅಮೆರಿಕದ ಅಂಚೆ ಇಲಾಖೆ 1918ರಲ್ಲಿ ಮರಿಗಳನ್ನು ಪಾರ್ಸಲ್ ಆಗಿ ಸ್ವೀಕರಿಸತೊಡಗಿತು. ನಮ್ಮಲ್ಲಿ ಬಸ್ಸಿನ ಮೇಲೆ ತೂತಿನ ರಟ್ಟಿನ ಪೆಟ್ಟಿಗೆಗಳು ಬಂದವು. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಿಗೆಂದೇ ಬೆಳೆಸಿದ ಗಿರಿರಾಜ 1980ರ ದಶಕದ ಕೊನೆಗೆ ಹಳ್ಳಿಗಳನ್ನು ಸೇರಿತು. 2005ರಲ್ಲಿ ಸ್ವರ್ಣಧಾರಾ ಬಂದಿತು. ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಯಿಟ್ಟರೆ ಗಿರಿರಾಜ ನೂರಮೂವತ್ತರ ಮೇಲೆ. ಈ ಉಪಕಾರವನ್ನು ಯಾರೂ ಅಲ್ಲಗಳೆಯಬಾರದು. ಆದರೆ ಗಿರಿರಾಜ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಕೂರದ ಗುಣದಿಂದಲೇ ಅದರ ಮೊಟ್ಟೆ ಹೆಚ್ಚು. ಮರಿಗಾಗಿ ಪ್ರತಿ ಸಲ ಪೆಟ್ಟಿಗೆಯ ದಾರಿ ಕಾಯಬೇಕು, ಇಲ್ಲವೇ ನಾಟಿ ಹೇಂಟೆಯ ಮಡಿಲಿಗೆ ಹೋಗಬೇಕು.

2020ರ ಮಾರ್ಚ್‌ನಲ್ಲಿ ಕೋಳಿಯಿಂದ ಕೊರೊನಾ ಹರಡುತ್ತದೆಂಬ ಸುಳ್ಳು ಸುದ್ದಿಗೆ ಬೆಲೆ ಕುಸಿದು, ಬೆಳಗಾವಿ ಜಿಲ್ಲೆಯಲ್ಲಿ ಸಾಕಣೆದಾರರೊಬ್ಬರು ಸುಮಾರು 6,000 ಕೋಳಿಗಳನ್ನು ಜೀವಂತ ಹೂತರು. ಹಿಂದೆಯೇ ಬಸ್ಸುಗಳು ನಿಂತವು, ಪೆಟ್ಟಿಗೆಗಳೂ ನಿಂತವು. ಆಗ ಮರಿ ಕಂಡದ್ದು ಕಾವು ಕೂರುವ ಹೇಂಟೆಯಿದ್ದ ಹಿತ್ತಲುಗಳಲ್ಲಿ. ಈಚೆಗೆ ನಾಟಿ ಕೋಳಿಗೆ ಬೆಲೆ ಹೆಚ್ಚಿದೆ. ಆದರೆ ಮಿಶ್ರತಳಿಯ ಹುಂಜಗಳು ಓಣಿ ತುಂಬಿರುವಾಗ ನಾಟಿ ಎನ್ನುವುದರಲ್ಲಿ ಎಷ್ಟು ನಾಟಿ ಉಳಿದಿದೆಯೆಂದು ಕೇಳಬೇಕಾಗಿದೆ. ಕೂರುವ ಹೇಂಟೆ ಬೇಕೆನ್ನುವವರು ತಮ್ಮ ಓಣಿಯಲ್ಲಿ ಚೆನ್ನಾಗಿ ಮರಿ ಎಬ್ಬಿಸಿದ ತಾಯಿಯ ಸಂತತಿಯನ್ನೇ ಹುಡುಕಿ ಇಟ್ಟುಕೊಳ್ಳಲಿ. ಗಿರಿರಾಜದ ಮೊಟ್ಟೆ ದೊಡ್ಡದಾದ್ದರಿಂದ ಅದರ ಕೆಳಗೆ ಹತ್ತಕ್ಕಿಂತ ಹೆಚ್ಚು ಇಡಬೇಡಿ. ಪೆಟ್ಟಿಗೆಯ ಮರಿಗಳನ್ನು ಸೇರಿಸುವುದಾದರೆ ಹೇಂಟೆಯ ಸ್ವಂತ ಮರಿಗಳು ಒಡೆಯುವ ದಿನವೇ, ರಾತ್ರಿ ದೀಪ ಆರಿಸಿದ ಮೇಲೆ, ಒಂದೊಂದಾಗಿ ರೆಕ್ಕೆಯ ಕೆಳಗೆ ತೂರಿಸಿ. ಬೆಳಗಾಗುವಷ್ಟರಲ್ಲಿ ಅವಕ್ಕೂ ಅದು ತಾಯಿಯಾಗಿರುತ್ತದೆ.