ಬಂದೂಕು ಮತ್ತು ಅದನ್ನು ಮಾಡಿದ ಕೈ

ನಮ್ಮ ಸಹಕಾರಿ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಸಂತಸದ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಏನಾದರೊಂದು ಇತಿಹಾಸದ ವಿಷಯ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದರು. ಕೋಟೆ-ಕೊತ್ತಲ, ಗುಡಿ-ಗುಂಡಾರಗಳ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ಆದ್ದರಿಂದ ನಾವು ಬೇರೊಂದು ವಿಷಯ ಆರಿಸಿಕೊಂಡಿದ್ದೇವೆ. ಹೇಳಿ ಮಾಡಿಸುವ ಬಂದೂಕಿಗೆ ಹಿಂದಿನವರು ಎಂಥ ಕಸಬುದಾರನನ್ನು ಹುಡುಕುತ್ತಿದ್ದರು ಎಂಬುದೇ ಆ ವಿಷಯ. "ಸಂಘಕ್ಕೂ ಬಂದೂಕಿಗೂ ಏನ್ ಸಂಬಂಧರೀ?" ಎಂದು ಯಾರಾದರೂ ಕೇಳಬಹುದು. ಸಂಬಂಧ ಐತಿ, ಓದುತ್ತ ಹೋದಂತೆ ತಿಳಿಯುತ್ತದೆ.

ನಾವು ಸಣ್ಣವರಿದ್ದಾಗ ನಮ್ಮ ಮನೆತನದ ಹಿರಿಯರೊಬ್ಬರ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. "ಕಾಕಾ, ಬೆರಳು ಏನಾದವು?" ಎಂದು ಕೇಳಿದರೆ, "ಅಗ್ಗದ ಬಂದೂಕು ತಿಂತು, ತಮ್ಮಾ" ಅನ್ನುತ್ತಿದ್ದರು. ಕಬ್ಬಿಗೆ ಬೀಳುವ ಹಂದಿ ಬೆದರಿಸಲೆಂದು ಗುರುತು-ಪರಿಚಯ ಇಲ್ಲದವನ ಕಡೆಯಿಂದ ಕದ್ದುಮುಚ್ಚಿ ನಾಡ ಬಂದೂಕು ತಂದಿದ್ದರಂತೆ. ಮೂರನೇ ಸಲ ಹಾರಿಸುವಾಗ ನಳಿಕೆ ಸೀಳಿತು. ಮಾಡಿದವನನ್ನು ಹುಡುಕಿಕೊಂಡು ಹೋದರೆ ಅವನಿಗೆ ಹೆಸರೂ ಇಲ್ಲ, ಊರೂ ಇಲ್ಲ. ಪೊಲೀಸರ ಹತ್ತಿರ ದೂರು ಕೊಡಲಿಕ್ಕೂ ಬಾಯಿ ಇರಲಿಲ್ಲ, ಯಾಕಂದ್ರೆ ತಂದದ್ದೇ ತಪ್ಪಾಗಿತ್ತು.

ಈ ಮಾತು ನೆನಪಾದಾಗಲೆಲ್ಲ ನಮಗೆ ವಿಜಾಪುರದ ಮಲಿಕ್-ಎ-ಮೈದಾನ್ ತೋಪು ಕಣ್ಣ ಮುಂದೆ ಬರುತ್ತದೆ. ಅಥಣಿ, ಕಾಗವಾಡ, ರಾಯಬಾಗ ಕಡೆಯ ಶಾಲೆಯ ಮಕ್ಕಳು ಪ್ರವಾಸಕ್ಕೆ ಹೋದಾಗ ಅದರ ಮೇಲೆ ಕೈಯಾಡಿಸದೆ ಬಂದವರಿಲ್ಲ. ಅದನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದರು. ಸುಮಾರು 55 ಟನ್ ತೂಕದ ಆ ತೋಪಿನ ಮೇಲೆ, ಮಾಡಿಸಿದ ಸುಲ್ತಾನನ ಹೆಸರಿನ ಜೊತೆಗೆ ಎರಕ ಹೊಯ್ದ ಮಹಮ್ಮದ್ ರೂಮಿ ಎಂಬ ಕುಶಲಿಯ ಹೆಸರೂ ಇದೆ. ಮುಂದೆ ಟೀಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ತಯಾರಾದ ಒಳ್ಳೊಳ್ಳೆಯ ಬಂದೂಕುಗಳ ಮೇಲೂ ಮಾಡಿದವನ ಹೆಸರು, ಮಾಡಿದ ಊರು, ವರ್ಷ ಕೊರೆದಿರುತ್ತಿದ್ದವು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅವುಗಳಲ್ಲಿ ಅನೇಕವು ಇಂಗ್ಲೆಂಡಿಗೆ ಹೋದವು. ಅರಸನ ವಸ್ತುವಿನ ಮೇಲೆ ಕೆಲಸಗಾರ ತನ್ನ ಹೆಸರು ಯಾಕೆ ಕೊರೆಯಬೇಕು? ಅದು ಬರೀ ಹೆಮ್ಮೆಯಲ್ಲ. ನಾಳೆ ನಳಿಕೆ ಒಡೆದರೆ ಉತ್ತರ ಕೊಡಬೇಕಾದವನು ಯಾರೆಂಬುದಕ್ಕೆ ಅದೇ ರುಜು.

ಆ ಕಾಲದ ಬಂದೂಕು ಒಂದೇ ಅಚ್ಚಿನಲ್ಲಿ ಬರುತ್ತಿರಲಿಲ್ಲ. ಕಬ್ಬಿಣದ ಪಟ್ಟಿಯನ್ನು ಸರಳಿಗೆ ಸುತ್ತಿ, ಕಾಯಿಸಿ, ಬಡಿದು ಬೆಸೆದು ನಳಿಕೆ ಮಾಡುತ್ತಿದ್ದರು. ಬೆಸುಗೆ ಒಂದು ಕಡೆ ಹಸಿ ಉಳಿದರೂ ಸಾಕು, ಮದ್ದಿನ ಜೋರಿಗೆ ಅಲ್ಲೇ ಬಾಯಿ ಬಿಡುತ್ತಿತ್ತು. ಭುಜಕ್ಕೆ ಆನಿಸುವ ಕಟ್ಟಿಗೆಯ ಭಾಗ ಹಿಡಿಯುವವನ ತೋಳಿನ ಅಳತೆಗೆ ಕೂಡಬೇಕಿತ್ತು. ಅಥಣಿ, ನಿಪ್ಪಾಣಿ ಕಡೆ ಚಪ್ಪಲಿ ಮಾಡಿಸುವಾಗ ಕಾಲಿನ ಅಳತೆ ಕೊಡುವುದಿಲ್ಲವೇ, ಹಾಗೆ. ನೋಡಲಿಕ್ಕೆ ಚಂದ ಇದ್ದರೆ ಸಾಲದು, ಪರೀಕ್ಷೆಗೆ ನಿಲ್ಲಬೇಕು. ಲಂಡನ್ನಿನ ಬಂದೂಕು ಕಸಬುದಾರರ ಸಂಘಕ್ಕೆ 1637ರಲ್ಲಿ ರಾಜನ ಸನ್ನದು ಸಿಕ್ಕಿತ್ತು. ಅಲ್ಲಿ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ತಡೆದುಕೊಂಡ ನಳಿಕೆಗೆ ಮಾತ್ರ ಮುದ್ರೆ ಒತ್ತುವ ಪದ್ಧತಿ ಬೆಳೆಯಿತು. ಜಾಣ ಗಿರಾಕಿ ಕೆತ್ತನೆ ನೋಡಿ ಮರುಳಾಗುತ್ತಿರಲಿಲ್ಲ, ಹೆಸರು ಮತ್ತು ಮುದ್ರೆ ನೋಡುತ್ತಿದ್ದ.

ನಮ್ಮ ಭಾಗದಲ್ಲಿಯೂ ನಿಪ್ಪಾಣಿಯ ಸಿದ್ದೋಜಿರಾವ ನಿಂಬಾಳಕರರಂಥ ಸರದಾರರು, ದೇಸಗತಿ ಮನೆತನದವರು ದಂಡು ಕಟ್ಟಿಕೊಂಡಿದ್ದ ಕಾಲ ಒಂದಿತ್ತು. ಆ ಕಾಲಕ್ಕೆ ಕೊನೆ ಬಿದ್ದದ್ದು 1857ರಲ್ಲಿ. ಆ ವರ್ಷ ಜುಲೈ 31ರಂದು ಕೊಲ್ಲಾಪುರದಲ್ಲಿ 27ನೇ ದೇಶಿ ಪಲ್ಟಣದ ಸಿಪಾಯಿಗಳು ತಿರುಗಿಬಿದ್ದರು. ಆಗ ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಅದೇ ವರ್ಷ ಇಂಗ್ಲಿಷರು ಆಯುಧ ಇಟ್ಟುಕೊಳ್ಳಲಿಕ್ಕೆ ಅಷ್ಟೇ ಅಲ್ಲ, ಮಾಡಲಿಕ್ಕೆ ಮತ್ತು ಮಾರಲಿಕ್ಕೆ ಸಹ ಕಟ್ಟಳೆ ಹಾಕುವ ಕಾನೂನು ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು "ನಮ್ಮ ಹತ್ಯಾರ ಕೊಡಾಂಗಿಲ್ಲ" ಎಂದು ನಿಂತರು. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರದಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಆ ಕಥೆಯ ಲಾವಣಿಯನ್ನು ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಮುಂದೆ ಸಂಗ್ರಹಿಸಿದ. 1878ರ ಕಾಯ್ದೆ ಈ ಬಿಗಿಯನ್ನು ಇನ್ನೂ ಗಟ್ಟಿ ಮಾಡಿತು.

ಹಲಗಲಿಯವರ ಧೈರ್ಯ ನಾವೆಲ್ಲ ಹಾಡಿ ಹೊಗಳುತ್ತೇವೆ. ಆದರೆ ಇನ್ನೊಂದು ನಷ್ಟ ಯಾರ ಲೆಕ್ಕಕ್ಕೂ ಬರಲಿಲ್ಲ. ಪರವಾನಿಗಿ ಇಲ್ಲದೆ ಬಂದೂಕು ಮಾಡುವ ಕೈ ಕಳ್ಳ ಕೈ ಆಯಿತು. ಕಳ್ಳ ಕೈ ತನ್ನ ಹೆಸರು ಕೊರೆಯುವುದಿಲ್ಲ. ಮಾಡಿದವನನ್ನು ನೋಡಿ, ಕೇಳಿ, ಆರಿಸುವ ಪದ್ಧತಿ ಅಲ್ಲಿಗೆ ಮುರಿಯಿತು. ನಮ್ಮ ಕಾಕಾ ಅವರ ಎರಡು ಬೆರಳು ಹೋದದ್ದು ಇದರ ದೆಸೆಯಿಂದಲೇ.

ಸ್ವಾತಂತ್ರ್ಯ ಬಂದ ಮೇಲೆ 1959ರ ಆಯುಧ ಕಾಯ್ದೆ ಆಯಿತು, 1962ರಿಂದ ಜಾರಿಗೆ ಬಂತು. ಸದಸ್ಯ ಬಾಂಧವರು ಅದರ ಮೂರು ಮಾತು ನೆನಪಿಡಬೇಕು. 5ನೇ ಕಲಮಿನ ಪ್ರಕಾರ ಪರವಾನಿಗಿ ಇಲ್ಲದವನು ಬಂದೂಕು ಮಾಡುವಂತಿಲ್ಲ, ಮಾರುವಂತಿಲ್ಲ, ರಿಪೇರಿಯನ್ನೂ ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ ಏಳು ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ. 8ನೇ ಕಲಮಿನ ಪ್ರಕಾರ ಮಾಡಿದವನ ಹೆಸರು, ನಂಬರು ಅಥವಾ ಗುರುತು ಇಲ್ಲದ ಬಂದೂಕು ಮಾರುವಂತಿಲ್ಲ, ಇದ್ದ ಗುರುತು ಅಳಿಸುವಂತಿಲ್ಲ. ಮಹಮ್ಮದ್ ರೂಮಿ ತನ್ನ ಇಚ್ಛೆಯಿಂದ ಮಾಡಿದ್ದನ್ನು ಇಂದು ಕಾನೂನೇ ಮಾಡಿಸುತ್ತದೆ. 13ನೇ ಕಲಮು, ನಿಜವಾಗಿ ಬೆಳೆ ಕಾಯುವ ರೈತನಿಗೆ ಬಾಯಿಯಿಂದ ಮದ್ದು ತುಂಬುವ ಬಂದೂಕಿನ ಪರವಾನಿಗಿ ಕೊಡಲಿಕ್ಕೆ ದಾರಿ ಇಟ್ಟಿದೆ. ಅಂದ್ರೆ ಕಳ್ಳದಾರಿ ಹಿಡಿಯುವ ಕಾರಣವೇ ಇಲ್ಲ, ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಬಹುದು. ಆದರೆ ಬಂದೂಕಿನ ಪರವಾನಿಗಿ ಬೇರೆ, ಪ್ರಾಣಿ ಹೊಡೆಯುವ ಅನುಮತಿ ಬೇರೆ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ ಎಂಬುದನ್ನು ಮರೆಯಬಾರದು.

ಈಗ ಸಂಘದ ಮಾತಿಗೆ ಬರೋಣ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ರೈತನಿಗೆ ಸಿಕ್ಕ ದೊಡ್ಡ ಲಾಭ ಬರೀ ಸಾಲವಲ್ಲ. ಕೊಟ್ಟವನಾರು, ಪಡೆದವನಾರು ಎಂಬುದು ಹೆಸರು-ರುಜು ಸಮೇತ ವಹಿಯಲ್ಲಿ ಬಂತು. ನಾವು ಸಂಘದಲ್ಲಿ ಗೊಬ್ಬರ ಒಯ್ಯುವಾಗ ಚೀಲದ ಹೊಲಿಗೆ ನೋಡುತ್ತೇವೆ, ಬೀಜಕ್ಕೆ ಮುದ್ರೆ ನೋಡುತ್ತೇವೆ, ಪಾವತಿ ಕೇಳಿ ಪಡೆಯುತ್ತೇವೆ. ಜೀವದ ಮೇಲೆ ಬರುವ ವಸ್ತುವಿಗೆ ಮಾತ್ರ ಇವೆಲ್ಲ ಬೇಡವೇ?

ಖಂಡೇನವಮಿಗೆ ನಾವು ಕುಡ-ಕುರ್ಚಗಿಗಳ ಸಂಗಡ ಹತ್ಯಾರಗಳನ್ನೂ ಇಟ್ಟು ಪೂಜೆ ಮಾಡುತ್ತೇವೆ. ಆ ದಿನ ಅವನ್ನು ಮಾಡಿದ ಕೈಯನ್ನೂ ಒಂದು ಗಳಿಗೆ ನೆನೆಯೋಣ. ತನ್ನ ಹೆಸರು ಹೇಳಲಿಕ್ಕೆ ಅಂಜುವವನ ಕೈಯಿಂದ ಬಂದೂಕು ಆಗಲಿ, ಬೀಜವಾಗಲಿ, ಸಾಲವಾಗಲಿ ತರಬಾರದು ಎಂಬ ಮಾತು ನಮ್ಮ ತರುಣರ ಮನಸ್ಸಿನಲ್ಲಿ ಉಳಿದರೆ ಈ ನಾಲ್ಕು ಮಾತು ಬರೆದದ್ದು ಸಾರ್ಥಕ. ಸಂಘವು ಸುವರ್ಣ ಮಹೋತ್ಸವವನ್ನೂ ಕಾಣಲೆಂದು ಹಾರೈಸುತ್ತೇವೆ.