ಗಿಡ್ಡ ಗುದ್ದಲಿ ಮುರಿದ ಬೆನ್ನುಗಳು

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿರುವ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಒಂದು ಗುದ್ದಲಿಯಿದೆ. ಅದು ರಾಜರದ್ದಲ್ಲ, ಯೋಧರದ್ದಲ್ಲ. ಕೃಷಿಕೂಲಿಗಳ ನಾಯಕ ಸೀಸರ್ ಚಾವೆಝರ ತಂದೆ ಲಿಬ್ರಾಡೊ ಬಳಸಿದ್ದು. ಅದರ ಕಾವು ತೀರಾ ಗಿಡ್ಡ. ಆ ಗಿಡ್ಡತನದಲ್ಲೇ ಸಾವಿರಾರು ಬೆನ್ನುಗಳ ಕತೆ ಅಡಗಿದೆ.

ಕೆಲಸದಿಂದ ದೇಹಕ್ಕೆ ಹಾನಿಯಾಗುತ್ತದೆ ಎಂಬುದು ಹೊಸ ತಿಳಿವಳಿಕೆಯೇನಲ್ಲ. ಇಟಲಿಯ ಮೊದೆನಾದ ವೈದ್ಯ ಬರ್ನಾರ್ದಿನೊ ರಮಾಝಿನಿ 1700ರಲ್ಲೇ ಕಸುಬುದಾರರ ರೋಗಗಳ ಕುರಿತು ಒಂದು ಗ್ರಂಥ ಪ್ರಕಟಿಸಿದ್ದರು. ಅವರು ರೋಗಗಳಿಗೆ ಎರಡು ಮುಖ್ಯ ಕಾರಣ ಗುರುತಿಸಿದರು. ಒಂದು, ಕೆಲಸಗಾರರು ಮುಟ್ಟುವ, ಉಸಿರಾಡುವ ಹಾನಿಕರ ವಸ್ತುಗಳು. ಇನ್ನೊಂದು, ಮೈಯನ್ನು ಅಸಹಜವಾಗಿ ಬಾಗಿಸುವ ಭಂಗಿಗಳು ಮತ್ತು ಮಿತಿಮೀರಿದ ಚಲನೆಗಳು. ದಿನವಿಡೀ ಕುಳಿತು ಬರೆಯುವ ಲಿಪಿಕಾರರ ಕೈನೋವನ್ನೂ ಅವರು ದಾಖಲಿಸಿದ್ದಾರೆ. ರೋಗಿಯ ಕಸುಬು ಯಾವುದೆಂದು ವೈದ್ಯರು ಕೇಳಲೇಬೇಕೆಂಬುದು ಅವರ ಸಲಹೆಯಾಗಿತ್ತು. ಆದರೆ ಆ ಪ್ರಶ್ನೆ ಹೊಲದ ಕೂಲಿಯವರನ್ನು ತಲುಪಲು ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ ಲೆಟ್ಯೂಸ್ ಸೊಪ್ಪು, ಸಕ್ಕರೆ ಬೀಟ್‌ರೂಟ್ ವಿಪುಲವಾಗಿ ಬೆಳೆಯುತ್ತಿದ್ದವು. ಒತ್ತೊತ್ತಾಗಿ ಹುಟ್ಟಿದ ಸಸಿಗಳಲ್ಲಿ ಹೆಚ್ಚಿನವನ್ನು ತೆಗೆದು ಅಂತರ ಬಿಡಬೇಕು, ಕಳೆ ತೆಗೆಯಬೇಕು. ಇದಕ್ಕೆ ಕೂಲಿಯವರಿಗೆ ಕೊಡುತ್ತಿದ್ದುದು ಒಂದೆರಡು ಅಡಿ ಉದ್ದದ ಗುದ್ದಲಿ. ಅವರಲ್ಲಿ ಬಹುಪಾಲು ಜನ ಮೆಕ್ಸಿಕೊ ಮೂಲದವರು. ಅವರು ಅದನ್ನು ತಮ್ಮ ಸ್ಪ್ಯಾನಿಷ್ ಭಾಷೆಯಲ್ಲಿ ‘ಎಲ್ ಕೊರ್ಟಿಟೊ’ ಎನ್ನುತ್ತಿದ್ದರು. ಅಂದರೆ ಗಿಡ್ಡದ್ದು.

ಈ ಗುದ್ದಲಿ ಹಿಡಿದವರು ಸೊಂಟದಿಂದ ಪೂರ್ತಿ ಬಾಗಿಯೇ ಇಡೀ ದಿನ ಸಾಲಿನುದ್ದಕ್ಕೂ ಸರಿಯಬೇಕಿತ್ತು. ಹಾಗೆ ಬಾಗಿದಾಗ ಮೇಲ್ಮೈಯ ಭಾರವೆಲ್ಲ ಸೊಂಟದ ಸ್ನಾಯುಗಳ ಮೇಲೂ ಬೆನ್ನೆಲುಬಿನ ನಡುವಿನ ಮೆತ್ತನೆಯ ಬಿಲ್ಲೆಗಳ ಮೇಲೂ ಬೀಳುತ್ತದೆ. ಒಮ್ಮೆ ಬಾಗಿದರೆ ತೊಂದರೆಯಿಲ್ಲ. ಗಂಟೆಗಟ್ಟಲೆ ಅದೇ ಭಂಗಿ, ಅದೇ ಚಲನೆ, ನಡುವೆ ವಿಶ್ರಾಂತಿಯಿಲ್ಲ ಎಂದಾಗ ಬಿಲ್ಲೆಗಳು ಸವೆಯುತ್ತವೆ, ಕೀಲುಗಳು ಕೆಡುತ್ತವೆ. ದುಡಿಯುವ ವಯಸ್ಸಿನಲ್ಲೇ ನೆಟ್ಟಗೆ ನಿಲ್ಲಲಾಗದೆ ಹೊಲ ಬಿಟ್ಟವರು ಅನೇಕರು.

ಉದ್ದ ಕಾವಿನ ಗುದ್ದಲಿ ಅಂಗಡಿಯಲ್ಲಿ ಇರಲಿಲ್ಲವೇ? ಇತ್ತು. ಆದರೆ ಬಾಗಿ ಹತ್ತಿರದಿಂದ ನೋಡಿದರೆ ಮಾತ್ರ ಕೆಲಸ ಅಚ್ಚುಕಟ್ಟಾಗುತ್ತದೆ, ಉದ್ದ ಕಾವಿನಿಂದ ಬೆಳೆ ಹಾಳಾಗುತ್ತದೆ ಎಂಬುದು ಜಮೀನ್ದಾರರ ವಾದ. ಕೂಲಿಯವರಿಗೆ ಮತ್ತೊಂದು ಕಾರಣವೂ ತಿಳಿದಿತ್ತು. ಗಿಡ್ಡ ಗುದ್ದಲಿ ಹಿಡಿದವನು ಬೆನ್ನು ನೇರ ಮಾಡಿದರೆ ಕೆಲಸ ನಿಲ್ಲಿಸಿದ್ದಾನೆಂದೇ ಅರ್ಥ. ಹೊಲದ ಬದುವಿನಲ್ಲಿ ನಿಂತ ಮೇಸ್ತ್ರಿಗೆ ಒಂದೇ ನೋಟಕ್ಕೆ ಅದು ಗೊತ್ತಾಗುತ್ತಿತ್ತು. ಹೀಗೆ ಬೇಸಾಯದ ಸಲಕರಣೆಯೇ ಕಾವಲಿನ ಸಲಕರಣೆಯೂ ಆಗಿತ್ತು.

1972ರಲ್ಲಿ ಗ್ರಾಮೀಣ ಬಡವರಿಗೆ ಕಾನೂನು ನೆರವು ನೀಡುವ ಸಂಸ್ಥೆಯ ವಕೀಲ ಮಾರಿಸ್ ಜೋರ್ಡೇನ್ ಮತ್ತು ಸಂಗಡಿಗರು ಕೂಲಿಯವರ ಪರವಾಗಿ ರಾಜ್ಯದ ಕೈಗಾರಿಕಾ ಸುರಕ್ಷತಾ ವಿಭಾಗಕ್ಕೆ ಅರ್ಜಿ ಸಲ್ಲಿಸಿದರು. ಬೆನ್ನಿನ ಹಾನಿಯ ಬಗ್ಗೆ ವೈದ್ಯರು ಸಾಕ್ಷ್ಯ ನುಡಿದರು. ಆದರೂ 1973ರಲ್ಲಿ ಅರ್ಜಿ ತಿರಸ್ಕೃತವಾಯಿತು. ಅಸುರಕ್ಷಿತ ಸಲಕರಣೆ ಎಂದರೆ ಮುರಿದದ್ದು, ಕೆಟ್ಟುಹೋದದ್ದು ಮಾತ್ರ. ಈ ಗುದ್ದಲಿಯಲ್ಲಿ ದೋಷವೇನಿದೆ ಎಂಬುದು ಅಧಿಕಾರಿಗಳ ನಿಲುವು.

1975ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಈ ವ್ಯಾಖ್ಯಾನವನ್ನು ತಳ್ಳಿಹಾಕಿತು. ಸರಿಯಾದ ಸ್ಥಿತಿಯಲ್ಲಿದ್ದು, ಹೇಳಿದಂತೆಯೇ ಬಳಸಿದಾಗಲೂ ದೇಹವನ್ನು ಕೆಡಿಸುವ ಸಲಕರಣೆ ಅಸುರಕ್ಷಿತವೇ ಎಂಬುದು ಆ ತೀರ್ಪಿನ ಸಾರ. ಅದೇ ಏಪ್ರಿಲ್‌ನಲ್ಲಿ ರಾಜ್ಯದಲ್ಲಿ ಗಿಡ್ಡ ಗುದ್ದಲಿಗೆ ನಿಷೇಧ ಬಿತ್ತು. ಲೆಟ್ಯೂಸ್ ಬೇಸಾಯ ನಿಂತುಹೋಗಲಿಲ್ಲ. ಉದ್ದ ಕಾವಿನಿಂದಲೇ ಕೆಲಸ ಸಾಗಿತು.

ಕತೆ ಇಲ್ಲಿಗೇ ಮುಗಿಯಲಿಲ್ಲ. ಗುದ್ದಲಿ ಹೋದ ಮೇಲೆ ಬರಿಗೈಯಲ್ಲಿ ಬಾಗಿ ಕಳೆ ಕೀಳಿಸುವುದು ಮುಂದುವರಿಯಿತು. ಅದಕ್ಕೂ ಕಡಿವಾಣ ಹಾಕುವ ನಿಯಮ ಬಂದದ್ದು 2004ರಲ್ಲಿ. ಇತ್ತ ಇಡೀ ಅಮೆರಿಕಕ್ಕೆ ಅನ್ವಯಿಸುವಂತೆ, ಕೆಲಸವನ್ನು ದೇಹಕ್ಕೆ ಹೊಂದಿಸುವ ಎರ್ಗಾನಾಮಿಕ್ಸ್ ನಿಯಮಾವಳಿಯೊಂದನ್ನು ಕೇಂದ್ರ ಸರಕಾರ 2000ದ ನವೆಂಬರ್‌ನಲ್ಲಿ ಪ್ರಕಟಿಸಿತ್ತು. 2001ರ ಮಾರ್ಚ್‌ನಲ್ಲಿ ಸಂಸತ್ತು ಅದನ್ನು ರದ್ದುಪಡಿಸಿತು. ಅಧ್ಯಕ್ಷ ಬುಷ್ ಸಹಿ ಹಾಕಿದರು. ಉದ್ಯಮಿಗಳಿಗೆ ಖರ್ಚು ಹೆಚ್ಚುತ್ತದೆಂಬ ಕೂಗು ಗೆದ್ದಿತ್ತು.

ಯಂತ್ರಕ್ಕೆ ಕೈ ಸಿಕ್ಕಿಕೊಂಡರೆ ರಕ್ತ ಕಾಣುತ್ತದೆ, ದಿನಾಂಕ ಸಿಗುತ್ತದೆ, ಪರಿಹಾರದ ಮಾತು ಏಳುತ್ತದೆ. ಸವೆದ ಬೆನ್ನಿಗೆ, ಕೆಟ್ಟ ಮಣಿಕಟ್ಟಿಗೆ ದಿನಾಂಕವಿಲ್ಲ. ಆದ್ದರಿಂದಲೇ ಅದನ್ನು ವಯಸ್ಸಿನ ನೋವು, ಮೈಗಳ್ಳತನ, ಹಣೆಬರಹ ಎಂದು ತಳ್ಳಿಹಾಕುವುದು ಸುಲಭ. ದೋಷ ದುಡಿಯುವವನ ಮೈಯಲ್ಲಿದೆಯೋ, ಅವನ ಕೈಗೆ ಕೊಟ್ಟ ಸಲಕರಣೆಯ ಅಳತೆಯಲ್ಲಿದೆಯೋ ಎಂದು ಕೇಳಿದವರು ಸಲಿನಾಸ್‌ನ ಬಡ ಕೂಲಿಗಳು. ಅವರು ಬೇಡಿದ್ದು ಹೆಚ್ಚೇನಲ್ಲ, ಕಾವಿಗೆ ಇನ್ನೆರಡು ಮೊಳ ಮರ. ಅಷ್ಟನ್ನು ಪಡೆಯಲು ಅವರು ರಾಜ್ಯದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು.